ರಾತ್ರಿ ಎದುರಾದವರ ಬಣ್ಣ ನೋಡಿ ಭಯವಾದರೆ ನಾನು ಕೆಟ್ಟವಳಾ?

ಪ್ರಶ್ನೆ: ನಾವಿರುವುದು ಬೆಂಗಳೂರಿನ ಹೆಣ್ಣೂರು ಕಡೆಯ ಒಂದು ಲೇಔಟಿನಲ್ಲಿ. ಹಿಂದಿನ ಬೀದಿಯಲ್ಲಿ ಆಫ್ರಿಕಾದ ಹುಡುಗರು ನಾಲ್ಕೈದು ಜನ ಬಾಡಿಗೆಗೆ ಇದ್ದಾರೆ. ನಾನು ಕೆಲಸ ಮುಗಿಸಿ ಬಸ್ಸಿಳಿಯುವ ಹೊತ್ತಿಗೆ ರಾತ್ರಿ ಎಂಟು ದಾಟಿರುತ್ತದೆ. ಅವರು ಎದುರಿಗೆ ಬಂದರೆ ಎದೆ ಧಸಕ್ ಅನ್ನುತ್ತದೆ. ಬ್ಯಾಗು ಗಟ್ಟಿಯಾಗಿ ಹಿಡಿದುಕೊಂಡು ರಸ್ತೆ ದಾಟಿಬಿಡುತ್ತೇನೆ. ಇಲ್ಲಿಯವರೆಗೆ ಅವರು ನನಗೆ ಏನೂ ಮಾಡಿಲ್ಲ. ಮೊನ್ನೆ ಜೊತೆಗಿದ್ದ ಮಗಳು (ಒಂಬತ್ತನೇ ಕ್ಲಾಸು) ‘ಅಮ್ಮಾ, ನೀನು ರೇಸಿಸ್ಟ್’ ಅಂದಳು. ತುಂಬಾ ಬೇಜಾರಾಯಿತು. ಹೆಂಗಸು ಅಂದಮೇಲೆ ಹುಷಾರಾಗಿರಬಾರದಾ? ಈಗ ನಮ್ಮ ಅಸೋಸಿಯೇಷನ್ನಿನ ವಾಟ್ಸಾಪ್ ಗ್ರೂಪಿನಲ್ಲಿ ‘ಆಫ್ರಿಕನ್ನರಿಗೆ ಯಾರೂ ಮನೆ ಕೊಡಬಾರದು’ ಅಂತ ತೀರ್ಮಾನ ಮಾಡಲು ಹೊರಟಿದ್ದಾರೆ. ನಾನೂ ಸಹಿ ಹಾಕಬೇಕಂತೆ. ಏನು ಮಾಡಲಿ?

ಉತ್ತರ: ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಆ ಕಾಗದಕ್ಕೆ ಸಹಿ ಹಾಕಬೇಡಿ. ರಾತ್ರಿ ಹೊತ್ತು ಹುಷಾರಾಗಿರುವುದನ್ನೂ ಬಿಡಬೇಡಿ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು ಅಂತ ನಿಮಗೆ ಅನ್ನಿಸಿಬಿಟ್ಟಿದೆ. ಮಗಳು ಒಂದು ಕಡೆ ಎಳೆಯುತ್ತಿದ್ದಾಳೆ, ವಾಟ್ಸಾಪ್ ಗ್ರೂಪು ಇನ್ನೊಂದು ಕಡೆ. ಹಾಗೇನೂ ಆರಿಸಬೇಕಾಗಿಲ್ಲ.

ನೀವು ಬರೆದಿರುವುದರಲ್ಲಿ ಮೂರು ಬೇರೆ ಬೇರೆ ವಿಷಯ ಇವೆ. ಎದೆ ಧಸಕ್ ಅನ್ನುವುದು ಒಂದು, ರಸ್ತೆ ದಾಟುವುದು ಇನ್ನೊಂದು, ಸಹಿ ಹಾಕುವುದು ಮತ್ತೊಂದು. ಮೊದಲನೆಯದು ನಿಮ್ಮ ಕೈಯಲ್ಲಿಲ್ಲ. ನೀವು ಯೋಚನೆ ಮಾಡುವಷ್ಟರಲ್ಲಿ ಅದು ಆಗಿಹೋಗಿರುತ್ತದೆ. ಎರಡನೆಯದು ಅರ್ಧ ನಿಮ್ಮ ಕೈಯಲ್ಲಿದೆ. ಮೂರನೆಯದು ಪೂರ್ತಿ ನಿಮ್ಮದೇ. ಮನೆಯೊಳಗೆ ಕೂತು, ಕಾಫಿ ಕುಡಿಯುತ್ತಾ, ಎದುರಿಗೆ ಯಾರೂ ಇಲ್ಲದಾಗ ಮಾಡುವ ಕೆಲಸ ಅದು. ನಾನು ನೋಡಿದ ಹಾಗೆ, ಎಷ್ಟೋ ಜನ ಮೊದಲನೆಯದಕ್ಕೆ ಒಳಗೊಳಗೇ ನಾಚಿಕೊಳ್ಳುತ್ತಾರೆ, ಮೂರನೆಯದನ್ನು ಮಾತ್ರ ಸಲೀಸಾಗಿ ಮಾಡಿ ಮುಗಿಸುತ್ತಾರೆ. ಉಲ್ಟಾ ಆಗಬೇಕಿತ್ತು.

ಮೊದಲು ಆ ಧಸಕ್. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಅದೇ ರಸ್ತೆ, ಅದೇ ಎಂಟೂವರೆ, ಬೀದಿ ದೀಪ ಅರ್ಧಕ್ಕರ್ಧ ಕೆಟ್ಟಿವೆ. ಎದುರಿಗೆ ನಾಲ್ಕು ಜನ ಎತ್ತರದ ಹುಡುಗರು ಜೋರಾಗಿ ನಗುತ್ತಾ ಬರುತ್ತಿದ್ದಾರೆ. ಮಾತು ಕೇಳಿದರೆ ಮಂಡ್ಯ ಕಡೆಯವರು. ಭಯ ಆಗುತ್ತದಾ? ಸ್ವಲ್ಪ ಆಗುತ್ತದೆ. ಕತ್ತಲು, ಖಾಲಿ ರಸ್ತೆ, ಗಂಡಸರ ಗುಂಪು, ಒಂಟಿ ಹೆಂಗಸು ಅಂದಮೇಲೆ ಆಗಲೇಬೇಕು, ಅದರಲ್ಲಿ ತಪ್ಪೇನೂ ಇಲ್ಲ. ಈಗ ಈ ಮಂಡ್ಯ ಹುಡುಗರ ಭಯವನ್ನು ನಿಮ್ಮ ಪೂರ್ತಿ ಭಯದಿಂದ ಕಳೆಯಿರಿ. ಉಳಿಯುವುದು ಬಣ್ಣದ ಲೆಕ್ಕ. ಮಗಳು ಕೇಳಿದ್ದು ಆ ಉಳಿದದ್ದರ ಬಗ್ಗೆ. ನೀವು ಉತ್ತರ ಕೊಟ್ಟಿದ್ದು ಕಳೆದುಹಾಕಿದ್ದರ ಬಗ್ಗೆ. ಅದಕ್ಕೇ ಆ ಮಾತು ಅಲ್ಲಿಗೆ ಮುಗಿಯಲಿಲ್ಲ.

ಆ ಉಳಿದ ಭಾಗ ಎಲ್ಲಿಂದ ಬಂತು? ಅವರು ಏನೂ ಮಾಡಿಲ್ಲ ಅಂತ ನೀವೇ ಬರೆದಿದ್ದೀರಿ. ಅಂದರೆ ಅನುಭವದಿಂದ ಬಂದದ್ದಲ್ಲ, ಎಲ್ಲಿಂದಲೋ ತುಂಬಿಕೊಂಡದ್ದು.

ಅದು ಹೇಗೆ ತುಂಬಿಕೊಳ್ಳುತ್ತದೆ ಅಂತ ನೋಡಲು ನಾನು ಕ್ಲಾಸಿನಲ್ಲಿ ಹೇಳುವ ಒಂದು ಹಳೆಯ ಪ್ರಯೋಗ ಇದೆ. 1976ರಲ್ಲಿ ಹ್ಯಾಮಿಲ್ಟನ್ ಮತ್ತು ಗಿಫರ್ಡ್ ಅನ್ನುವ ಇಬ್ಬರು ಮಾಡಿದ್ದು. ಜನರಿಗೆ 39 ಸಣ್ಣ ವಾಕ್ಯ ಓದಲು ಕೊಟ್ಟರು. ಎ ಗುಂಪಿನ ಇಂಥವನು ಆಸ್ಪತ್ರೆಯಲ್ಲಿದ್ದ ಸ್ನೇಹಿತನನ್ನು ನೋಡಲು ಹೋದ, ಈ ಥರದ್ದು. ಎ ಗುಂಪಿನ ಬಗ್ಗೆ 26 ವಾಕ್ಯ, ಅದರಲ್ಲಿ 18 ಒಳ್ಳೆಯ ಕೆಲಸ, 8 ಕೆಟ್ಟ ಕೆಲಸ. ಬಿ ಗುಂಪಿನ ಬಗ್ಗೆ 13 ವಾಕ್ಯ, 9 ಒಳ್ಳೆಯವು, 4 ಕೆಟ್ಟವು. ಲೆಕ್ಕ ಹಾಕಿ, ಎರಡೂ ಗುಂಪಿನಲ್ಲಿ ಒಳ್ಳೆಯದು ಕೆಟ್ಟದ್ದರ ಪ್ರಮಾಣ ಒಂದೇ. ಓದಿ ಮುಗಿಸಿದ ಮೇಲೆ ಯಾರು ಏನು ಮಾಡಿದರು ಅಂತ ಕೇಳಿದಾಗ, ಬಿ ಗುಂಪಿನ ತಲೆಗೆ ಕೆಟ್ಟ ಕೆಲಸಗಳನ್ನು ಜಾಸ್ತಿ ಕಟ್ಟಿದರು. ಯಾಕೆ? ಬಿ ಗುಂಪಿನವರು ಕಡಿಮೆ ಸಲ ಬಂದರು, ಕೆಟ್ಟ ಕೆಲಸವೂ ಕಡಿಮೆ ಸಲ ಬಂತು. ಅಪರೂಪದ್ದು ಅಪರೂಪದ್ದರ ಜೊತೆ ಸೇರಿದಾಗ ತಲೆಯಲ್ಲಿ ಅಂಟಿಕೊಂಡುಬಿಡುತ್ತದೆ. ಈ ಪ್ರಯೋಗದಲ್ಲಿ ಬಣ್ಣ ಇಲ್ಲ, ದೇಶ ಇಲ್ಲ, ಹಳೆಯ ದ್ವೇಷ ಇಲ್ಲ. ಬರೀ ಎ, ಬರೀ ಬಿ. ಆದರೂ ಹೀಗಾಯಿತು.

ಇದನ್ನೇ ಬೆಂಗಳೂರಿಗೆ ತನ್ನಿ. ಡ್ರಗ್ಸ್ ಕೇಸಿನಲ್ಲಿ ಇಲ್ಲಿನವನೇ ಸಿಕ್ಕಿಬಿದ್ದರೆ ಸುದ್ದಿಯ ತಲೆಬರಹ ‘ಇಬ್ಬರ ಬಂಧನ’. ಯಾವ ಜಿಲ್ಲೆಯವನು ಅಂತ ತಲೆಬರಹದಲ್ಲಿ ದಪ್ಪ ಅಕ್ಷರದಲ್ಲಿ ಹಾಕುವುದಿಲ್ಲ. ಆಫ್ರಿಕಾದವನಾದರೆ ದೇಶವೇ ತಲೆಬರಹ. ಅವನು ಘಾನಾದವನಾಗಿದ್ದರೂ ಐವರಿ ಕೋಸ್ಟಿನವನಾಗಿದ್ದರೂ ಬೀದಿಯಲ್ಲಿ ಬಾಯಿಂದ ಬಾಯಿಗೆ ಹೋಗುವಾಗ ನೈಜೀರಿಯಾದವನೇ ಆಗುತ್ತಾನೆ. ಇಂಥ ಹತ್ತು ಸುದ್ದಿ ಓದಿದ ಕಣ್ಣಿನಿಂದಲೇ ನೀವು ರಾತ್ರಿ ಎಂಟೂವರೆಗೆ ಆ ಹುಡುಗರನ್ನು ನೋಡುವುದು.

ಇದರರ್ಥ ನೀವು ಕೆಟ್ಟವರು ಅಂತಲ್ಲ. 2002ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಜೋಷುವಾ ಕೊರೆಲ್ ಮತ್ತು ಜೊತೆಗಾರರು ಒಂದು ವಿಡಿಯೋ ಗೇಮ್ ಮಾಡಿ ಪರೀಕ್ಷೆ ನಡೆಸಿದರು. ಪರದೆ ಮೇಲೆ ದಿಢೀರನೆ ಒಬ್ಬ ಬರುತ್ತಾನೆ. ಕೈಯಲ್ಲಿ ಪಿಸ್ತೂಲಿರಬಹುದು, ಇಲ್ಲ ಪರ್ಸೋ ಫೋನೋ ಇರಬಹುದು. ಪಿಸ್ತೂಲಿದ್ದರೆ ಗುಂಡು ಹಾರಿಸುವ ಗುಂಡಿ ಒತ್ತಬೇಕು, ಇಲ್ಲದಿದ್ದರೆ ಬೇರೆ ಗುಂಡಿ. ಆಡಿದವರು ಪರ್ಸು ಹಿಡಿದ ಕಪ್ಪು ಮನುಷ್ಯನ ಮೇಲೆ, ಪರ್ಸು ಹಿಡಿದ ಬಿಳಿ ಮನುಷ್ಯನಿಗಿಂತ ಜಾಸ್ತಿ ಸಲ ತಪ್ಪಾಗಿ ಗುಂಡು ಹಾರಿಸಿದರು. ಇಲ್ಲಿಯವರೆಗೆ ಯಾರಿಗೂ ಆಶ್ಚರ್ಯ ಆಗಲಿಕ್ಕಿಲ್ಲ. ಆದರೆ ಆಟ ಆಡಿದ ಕಪ್ಪು ಅಮೆರಿಕನ್ನರೂ ಅದೇ ಕಡೆಗೆ ವಾಲಿದರು. ತಮ್ಮವರ ಮೇಲೆ ಅವರಿಗೆ ದ್ವೇಷವೇ? ಅಲ್ಲ. ಅವರೂ ಅದೇ ಟಿವಿ ನೋಡುತ್ತಾರೆ, ಅದೇ ಪೇಪರ್ ಓದುತ್ತಾರೆ, ಅಷ್ಟೇ. ಊರ ಮಾತು ಎಲ್ಲರ ತಲೆಗೂ ಹೋಗುತ್ತದೆ, ಯಾರ ಬಗ್ಗೆ ಆ ಮಾತಿದೆಯೋ ಅವರ ತಲೆಗೂ.

ಈಗ ಗ್ರೂಪಿನಲ್ಲಿ ಯಾರೋ ಹೇಳಿಯೇ ಹೇಳುತ್ತಾರೆ: ‘ಸುಮ್ಮನಿರಿ ಮೇಡಂ, ಬೆಂಕಿ ಇಲ್ಲದೆ ಹೊಗೆ ಬರುತ್ತಾ? ಡ್ರಗ್ಸ್ ಕೇಸಲ್ಲಿ ಆಫ್ರಿಕನ್ನರನ್ನ ಪೊಲೀಸರು ಹಿಡೀತಾ ಇಲ್ವಾ?’ ಹಿಡಿಯುತ್ತಿದ್ದಾರೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ವೀಸಾ ಮುಗಿದ ಮೇಲೂ ಇಲ್ಲೇ ಉಳಿದವರಿದ್ದಾರೆ, ಡ್ರಗ್ಸ್ ಮಾರುವವರೂ ಇದ್ದಾರೆ. ಆದರೆ ಸಿಕ್ಕಿಬಿದ್ದವರಲ್ಲಿ ಆಫ್ರಿಕನ್ನರು ಎಷ್ಟು ಜನ ಅನ್ನುವುದೇ ಬೇರೆ ಪ್ರಶ್ನೆ, ಆಫ್ರಿಕನ್ನರಲ್ಲಿ ಎಷ್ಟು ಜನ ಹೀಗೆ ಸಿಕ್ಕಿಬಿದ್ದಿದ್ದಾರೆ ಅನ್ನುವುದೇ ಬೇರೆ. ನಿಮ್ಮ ಬೀದಿಯ ಹುಡುಗರ ಬಗ್ಗೆ ಏನಾದರೂ ಹೇಳಬೇಕಾದರೆ ಎರಡನೆಯದರ ಉತ್ತರ ಬೇಕು. ಗ್ರೂಪಿನಲ್ಲಿ ಫಾರ್ವರ್ಡ್ ಆಗುವುದು ಮೊದಲನೆಯದು ಮಾತ್ರ. ಇನ್ನೂ ಒಂದು ಮಾತು, ಸ್ವಲ್ಪ ತರಲೆ ಅನ್ನಿಸಿದರೂ ಹೇಳುತ್ತೇನೆ: ಕದ್ದುಮುಚ್ಚಿ ಡ್ರಗ್ಸ್ ಮಾರುವವನಿಗೆ ನಿಮ್ಮ ಬ್ಯಾಗು ಬೇಡ. ಬೀದಿಯಲ್ಲಿ ಗಲಾಟೆ ಆಗಿ ಪೊಲೀಸರು ಬರುವುದು ಅವನಿಗೆ ನಿಮಗಿಂತ ಜಾಸ್ತಿ ಭಯ. ಈ ಊರಿನಲ್ಲಿ ಸರ ಕೀಳುವವರು ಸಾಮಾನ್ಯವಾಗಿ ಬೈಕಿನಲ್ಲಿ ಬರುತ್ತಾರೆ, ಇಬ್ಬರು, ತಲೆಗೆ ಹೆಲ್ಮೆಟ್. ಹೆಲ್ಮೆಟ್ ಹಾಕಿದ ಇಬ್ಬರನ್ನು ನೋಡಿ ನೀವು ಎಂದಾದರೂ ರಸ್ತೆ ದಾಟಿದ್ದೀರಾ?

ಹೆಣ್ಣುಮಕ್ಕಳ ಭಯದ ಬಗ್ಗೆಯೂ ಒಂದು ಮಾತು. ಬೀದಿಯಲ್ಲಿ ಚುಡಾಯಿಸುವುದು, ಹಿಂದೆ ಬೀಳುವುದು, ಮೈ ಮುಟ್ಟುವುದು ಎಲ್ಲಾ ನಡೆಯುತ್ತದೆ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅದನ್ನು ಸಣ್ಣದು ಮಾಡುತ್ತಿಲ್ಲ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷ ವರ್ಷವೂ ಕೊಡುವ ಲೆಕ್ಕ ನೋಡಿದರೆ, ಅತ್ಯಾಚಾರದ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಜಾಸ್ತಿ ಕಡೆ ಆರೋಪಿ ಆ ಹೆಣ್ಣಿಗೆ ಮೊದಲೇ ಪರಿಚಯದವನು. ಸಂಬಂಧಿಕ, ನೆರೆಯವನು, ಸ್ನೇಹಿತ, ಕೆಲಸದ ಕಡೆಯವನು. ಇದನ್ನು ನೆನಪಿಟ್ಟುಕೊಳ್ಳಿ, ಮಗಳ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಇನ್ನು ‘ಅವರೆಲ್ಲಾ ನೋಡೋಕೆ ಒಂದೇ ಥರ’ ಅನ್ನುವ ಮಾತು. ಇದು ನಿಜವಾಗಿಯೂ ನಮ್ಮ ಕಣ್ಣಿನ ಅಭ್ಯಾಸದ ಸಮಸ್ಯೆ. 2007ರಲ್ಲಿ ಬ್ರಿಟನ್ನಿನ ಬಿಳಿಯ ಕುಟುಂಬಗಳ ಕೂಸುಗಳ ಮೇಲೆ ಮಾಡಿದ ಅಧ್ಯಯನವೊಂದರಲ್ಲಿ, ಮೂರು ತಿಂಗಳ ಕೂಸುಗಳು ಯಾವ ಜನಾಂಗದ ಮುಖವಾದರೂ ಒಂದರಿಂದ ಇನ್ನೊಂದನ್ನು ಬೇರೆ ಮಾಡುತ್ತಿದ್ದವು. ಒಂಬತ್ತು ತಿಂಗಳಾಗುವ ಹೊತ್ತಿಗೆ ತಮ್ಮವರ ಮುಖಗಳನ್ನು ಮಾತ್ರ. ದಿನಾ ನೋಡದ ಮುಖಗಳನ್ನು ಗುರುತಿಸುವ ಶಕ್ತಿಯನ್ನು ನಾವು ಒಂದು ವರ್ಷ ತುಂಬುವ ಮೊದಲೇ ಕಳೆದುಕೊಳ್ಳುತ್ತಾ ಬರುತ್ತೇವೆ. ನೋಡಿ ನೋಡಿ ಅಭ್ಯಾಸವಾದರೆ ಅದು ವಾಪಸ್ಸೂ ಬರುತ್ತದೆ. ಕಾಲೇಜಿನಲ್ಲಿ ಬೇರೆ ದೇಶದ ಹುಡುಗರಿಗೆ ಪಾಠ ಮಾಡುವ ನಮ್ಮಂಥವರಿಗೆಲ್ಲ ಇದು ಗೊತ್ತು. ಮೊದಲ ವಾರ ಹಾಜರಿ ತೆಗೆಯುವುದೇ ಕಷ್ಟ, ಸೆಮಿಸ್ಟರ್ ಅರ್ಧಕ್ಕೆ ಬರುವಷ್ಟರಲ್ಲಿ ಹಿಂದಿನಿಂದ ನೋಡಿದರೂ ಯಾರು ಅಂತ ಗೊತ್ತಾಗುತ್ತದೆ.

ಆದರೆ ಈ ಸಣ್ಣ ಸಮಸ್ಯೆ ಗುಂಪಿನ ಕೈಗೆ ಸಿಕ್ಕರೆ ಏನಾಗುತ್ತದೆ ಅನ್ನುವುದನ್ನು ಬೆಂಗಳೂರು ನೋಡಿದೆ. 2016ರ ಜನವರಿ 31ರ ರಾತ್ರಿ, ಹೆಸರಘಟ್ಟ ರಸ್ತೆ. ಸುಡಾನಿನ ವ್ಯಕ್ತಿಯೊಬ್ಬ ಓಡಿಸುತ್ತಿದ್ದ ಕಾರು ಬಡಿದು ಸ್ಥಳೀಯ ಹೆಂಗಸೊಬ್ಬರು ತೀರಿಹೋದರು. ಜನ ಸೇರಿದರು, ಸಿಟ್ಟಾದರು. ಅಷ್ಟು ಅರ್ಥ ಆಗುತ್ತದೆ. ಸುಮಾರು ಅರ್ಧ ಗಂಟೆ ಆದ ಮೇಲೆ ಅದೇ ದಾರಿಯಲ್ಲಿ ಇನ್ನೊಂದು ಕಾರು ಬಂತು. ಅದರಲ್ಲಿ ಇದ್ದವರು ತಾಂಜಾನಿಯಾದ 21 ವರ್ಷದ ವಿದ್ಯಾರ್ಥಿನಿ ಮತ್ತು ಅವಳ ಸ್ನೇಹಿತರು. ಆ ಅಪಘಾತಕ್ಕೂ ಅವರಿಗೂ ಏನೇನೂ ಸಂಬಂಧ ಇಲ್ಲ. ಸುಡಾನಿಗೂ ತಾಂಜಾನಿಯಾಕ್ಕೂ ಗಡಿ ಕೂಡ ತಾಗುವುದಿಲ್ಲ, ನಡುವೆ ಬೇರೆ ದೇಶಗಳಿವೆ. ಗುಂಪು ಅವರನ್ನು ಇಳಿಸಿ ಹೊಡೆಯಿತು, ಆ ಹುಡುಗಿಯ ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಇಟ್ಟಿತು. ತಪ್ಪಿಸಿಕೊಳ್ಳಲು ಅವಳು ಬಸ್ಸು ಹತ್ತಲು ಹೋದಾಗ ಒಳಗಿದ್ದವರು ಹೊರಗೆ ತಳ್ಳಿದರು ಅಂತಲೂ ಆಗ ವರದಿಯಾಗಿತ್ತು. ಕೆಲವು ಪೊಲೀಸರು ಅಮಾನತಾದರು, ದೆಹಲಿಯವರೆಗೂ ಗದ್ದಲವಾಯಿತು.

ನಾನು ಹೆಚ್ಚು ಯೋಚಿಸುವುದು ಆ ಬಸ್ಸಿನಲ್ಲಿ ಇದ್ದವರ ಬಗ್ಗೆ. ಹೊಡೆದವರು ಪುಂಡರು ಅಂದುಬಿಡಬಹುದು. ಬಸ್ಸಿನಲ್ಲಿದ್ದವರು ಯಾರು? ಆಫೀಸು ಮುಗಿಸಿ ಮನೆಗೆ ಹೊರಟವರು, ತರಕಾರಿ ಚೀಲ ಹಿಡಿದವರು, ನಿಮ್ಮ ಥರದವರು, ನನ್ನ ಥರದವರು. ಅವರಿಗೂ ಎದೆ ಧಸಕ್ ಅಂದಿರಬೇಕು. ಒಬ್ಬರೇ ಇದ್ದಾಗ ಆ ಭಯ ನಮ್ಮನ್ನು ರಸ್ತೆ ದಾಟಿಸುತ್ತದೆ, ಅಷ್ಟೇ. ಗುಂಪಿನಲ್ಲಿದ್ದಾಗ ಅದೇ ಭಯ ಧೈರ್ಯದ ವೇಷ ಹಾಕಿಕೊಂಡು ಬರುತ್ತದೆ. ನಿಮ್ಮ ಧಸಕ್ ಬಗ್ಗೆ ನನಗೆ ಚಿಂತೆ ಕಡಿಮೆ, ಆ ಗ್ರೂಪಿನ ಬಗ್ಗೆ ಜಾಸ್ತಿ.

ಅದಕ್ಕೆ ಬಣ್ಣವೇ ಬೇಕು ಅಂತಲೂ ಇಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸಾಪ್ ವದಂತಿ ಹಬ್ಬಿದಾಗ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದ ಯುವಕನೊಬ್ಬನನ್ನು ಜನ ಹಗ್ಗದಲ್ಲಿ ಕಟ್ಟಿ ಹೊಡೆದರು, ಅವನು ಸತ್ತ. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪಿನ ಮೇಲೆ ದಾಳಿಯಾಯಿತು, ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಬಿಟ್ಟ. ಅವರು ಮಾಡಿದ್ದು ಏನು ಗೊತ್ತಾ? ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಆ ತಿಂಗಳೇ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಅನ್ನುವ ಮಿತಿ ತಂದದ್ದು. ಅದಕ್ಕೂ ಮೊದಲು, 2012ರ ಆಗಸ್ಟಿನಲ್ಲಿ, ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗಂಟುಮೂಟೆ ಸಮೇತ ನಿಂತಿದ್ದು ನಿಮಗೆ ನೆನಪಿರಬಹುದು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಐದಕ್ಕಿಂತ ಜಾಸ್ತಿ ಜನರಿಗೆ ಒಟ್ಟಿಗೆ ಎಸ್‌ಎಂಎಸ್ ಕಳಿಸದ ಹಾಗೆ ಕೇಂದ್ರ ಸರ್ಕಾರ 15 ದಿನ ತಡೆ ಹಾಕಿತು. ಆ ಸಲ ಹೆದರಿದವರು ನಾವಲ್ಲ, ನಮ್ಮ ನಡುವೆ ಇದ್ದ ಅಪರಿಚಿತರು.

ನಿಮ್ಮ ಹಿಂದಿನ ಬೀದಿಯ ಹುಡುಗರಿಗೂ ಭಯ ಇರುತ್ತದೆ ಅನ್ನುವುದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅವರು ಯಾಕೆ ಯಾವಾಗಲೂ ಗುಂಪಾಗಿ ಓಡಾಡುತ್ತಾರೆ? ಒಂಟಿಯಾಗಿ ಹೋದರೆ ಏನಾಗಬಹುದು ಅಂತ ಅವರಿಗೆ ಹಳಬರು ಹೇಳಿಕೊಟ್ಟಿರುತ್ತಾರೆ. ಆ ಗುಂಪು ನೋಡಿ ನಿಮಗೆ ಭಯ, ನಿಮ್ಮ ಭಯ ನೋಡಿ ಅವರು ಇನ್ನೂ ಒತ್ತೊತ್ತಾಗಿ ನಡೆಯುತ್ತಾರೆ. ನನ್ನ ಹತ್ತಿರ ಓದಿದ ಕೀನ್ಯಾದ ಹುಡುಗನೊಬ್ಬ ಭಾನುವಾರ ಬೆಳಗ್ಗೆ ಹಾಲು ತರಲು ಹೋಗುವಾಗಲೂ ಕೊರಳಿಗೆ ಕಾಲೇಜಿನ ಐಡಿ ಕಾರ್ಡು ಹಾಕಿಕೊಂಡೇ ಹೋಗುತ್ತಿದ್ದ. ರಜಾ ದಿನ ಯಾಕಪ್ಪಾ ಇದು ಅಂದರೆ, ‘ಸರ್, ಇದು ನಿಮ್ಮ ಕಾಲೇಜಿಗಲ್ಲ, ಬೀದಿಗೆ’ ಅಂದ. ಹಾಲಿನ ಬೂತಿನವನಿಗೆ ಅವನ ಹೆಸರು ಗೊತ್ತಾದ ಮೇಲೂ ಕಾರ್ಡು ಬಿಡಲಿಲ್ಲ. ದಾರಿಯಲ್ಲಿ ಸಿಗುವವರಿಗೆ ಗೊತ್ತಿರುವುದಿಲ್ಲವಲ್ಲ.

ಇನ್ನೊಂದು ವಿಷಯ, ಸ್ವಲ್ಪ ಪಕ್ಕದ್ದು. ಗುಂಗುರು ಕೂದಲಿನ ಕಪ್ಪು ಹುಡುಗ ಎದುರಿಗೆ ಬಂದ ಕೂಡಲೇ ಅವನು ಹೊರದೇಶದವನು ಅಂತ ಯಾಕೆ ಅಂದುಕೊಳ್ಳಬೇಕು? ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿಗಳು ನೂರಾರು ವರ್ಷದಿಂದ ಇಲ್ಲಿಯವರೇ. ಅವರ ಹಿರಿಯರು ಆಫ್ರಿಕಾದಿಂದ ಬಂದವರು, ಬಹಳ ಜನ ಗುಲಾಮರಾಗಿ. ಅವರು ಕೊಂಕಣಿ, ಕನ್ನಡ ಮಾತಾಡುತ್ತಾರೆ. ಉತ್ತರ ಕನ್ನಡದಲ್ಲಿ ಅವರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಇನ್ನೂ ಹಿಂದೆ ಹೋದರೆ ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿ ಇಖ್ಲಾಸ್ ಖಾನ್ ಅನ್ನುವ ಹಬ್ಶಿ (ಆಫ್ರಿಕಾ ಮೂಲದವನು) ದೊಡ್ಡ ಮಂತ್ರಿಯಾಗಿದ್ದ. ಬೀದರಿನ ಹಬ್ಶಿ ಕೋಟೆಯ ಗುಡ್ಡದ ಮೇಲೆ ಅಂಥ ಸರದಾರರ ಗೋರಿಗಳಿವೆ. ಯಲ್ಲಾಪುರದ ಹುಡುಗನೊಬ್ಬ ಕೆಲಸ ಹುಡುಕಿ ಬೆಂಗಳೂರಿಗೆ ಬಂದು ನಿಮ್ಮ ಲೇಔಟಿನಲ್ಲಿ ಮನೆ ಕೇಳಿದರೆ ನಿಮ್ಮ ಅಸೋಸಿಯೇಷನ್ ಏನು ಮಾಡುತ್ತದೆ? ಪಾಸ್‌ಪೋರ್ಟ್ ಕೇಳುತ್ತದಾ?

ಇದನ್ನೇ ತಿರುಗಿಸಿ ನೋಡಿ. ನಿಮ್ಮ ಗ್ರೂಪಿನಲ್ಲಿ ಎಷ್ಟು ಮನೆಯವರ ಮಕ್ಕಳು ಅಮೆರಿಕದಲ್ಲಿದ್ದಾರೆ? ಬಾಣಂತನಕ್ಕೆ, ಮೊಮ್ಮಕ್ಕಳನ್ನು ನೋಡಿಕೊಳ್ಳಲು ಆರಾರು ತಿಂಗಳು ಹೋಗಿ ಬರುವವರು ಇದ್ದೇ ಇರುತ್ತಾರೆ. 2015ರ ಫೆಬ್ರುವರಿಯಲ್ಲಿ ಅಲಬಾಮಾದ ಮ್ಯಾಡಿಸನ್ ಊರಿನಲ್ಲಿ ಗುಜರಾತಿನಿಂದ ಹೋಗಿದ್ದ 57 ವರ್ಷದ ಅಜ್ಜ ಬೆಳಗ್ಗೆ ಮಗನ ಮನೆ ಹತ್ತಿರ ವಾಕಿಂಗ್ ಮಾಡುತ್ತಿದ್ದರು. ಮೊಮ್ಮಗನನ್ನು ನೋಡಿಕೊಳ್ಳಲು ಹೋಗಿ ಕೆಲವೇ ದಿನ ಆಗಿತ್ತು. ಇಂಗ್ಲಿಷ್ ಬರುತ್ತಿರಲಿಲ್ಲ. ಸಪೂರ ಕಪ್ಪು ಮನುಷ್ಯನೊಬ್ಬ ಮನೆಗಳ ಕಡೆ ನೋಡುತ್ತಾ ಓಡಾಡುತ್ತಿದ್ದಾನೆ ಅಂತ ಅಕ್ಕಪಕ್ಕದವರು ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸರು ಬಂದರು, ಪ್ರಶ್ನೆ ಕೇಳಿದರು, ಇವರಿಗೆ ಅರ್ಥ ಆಗಲಿಲ್ಲ. ಒಬ್ಬ ಪೊಲೀಸಿನವನು ಅವರನ್ನು ಎತ್ತಿ ನೆಲಕ್ಕೆ ಬಡಿದ. ಕುತ್ತಿಗೆಗೆ ಪೆಟ್ಟು ಬಿದ್ದು ಕೈಕಾಲಿನ ಸ್ವಾಧೀನ ಅರ್ಧಂಬರ್ಧ ಹೋಯಿತು. ಕೇಸು ನಡೆಯಿತು, ಎರಡು ಸಲ ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ, ಕೊನೆಗೆ ನ್ಯಾಯಾಧೀಶರು ಆ ಪೊಲೀಸನನ್ನು ಖುಲಾಸೆ ಮಾಡಿದರು. ಡಲ್ಲಾಸಿನಲ್ಲೋ ನ್ಯೂಜೆರ್ಸಿಯಲ್ಲೋ ಮಂಕಿ ಕ್ಯಾಪ್ ಹಾಕಿಕೊಂಡು, ಕೈ ಹಿಂದೆ ಕಟ್ಟಿಕೊಂಡು, ಹೊಸ ಊರು ಅಂತ ಪ್ರತಿ ಮನೆಯನ್ನೂ ನಿಧಾನವಾಗಿ ನೋಡುತ್ತಾ ಹೋಗುವ ನಮ್ಮ ಅಪ್ಪಂದಿರು ಅಲ್ಲಿನ ಕಿಟಕಿಯೊಳಗಿಂದ ಹೇಗೆ ಕಾಣುತ್ತಾರೆ ಅಂತ ಸ್ವಲ್ಪ ಯೋಚಿಸಿ. ಫೋನ್ ಮಾಡಿದವರೂ ನಿಮ್ಮ ಹಾಗೆಯೇ ಹುಷಾರಾಗಿದ್ದವರೇ.

ಹಾಗಾದರೆ ರಸ್ತೆಯಲ್ಲಿ ಏನು ಮಾಡಬೇಕು? ಮುಖ ಬಿಡಿ, ನಡವಳಿಕೆ ನೋಡಿ. ನೀವು ನಿಂತರೆ ಅವನೂ ನಿಲ್ಲುತ್ತಾನಾ, ನೀವು ಬೇಗ ಬೇಗ ನಡೆದರೆ ಅವನೂ ಬೇಗ ಬೇಗ ಬರುತ್ತಾನಾ, ನೀವು ರಸ್ತೆ ದಾಟಿದ ಮೇಲೆ ಅವನೂ ದಾಟಿದನಾ, ದಾರಿಗೆ ಅಡ್ಡ ನಿಂತು ಬೇಡದ ಮಾತು ಶುರು ಮಾಡಿದನಾ, ಬೈಕು ನಿಧಾನ ಮಾಡಿ ಪಕ್ಕದಲ್ಲೇ ಬರುತ್ತಿದೆಯಾ. ಇದರಲ್ಲಿ ಒಂದು ಕಂಡರೂ ಅವನು ಯಾವ ಬಣ್ಣದವನಾದರೂ ಸರಿ, ಬೆಳಕಿರುವ ಅಂಗಡಿ ಕಡೆ ತಿರುಗಿ, 112ಕ್ಕೆ ಫೋನ್ ಮಾಡಿ. ಸಂಕೋಚ ಪಡಬೇಡಿ. ಇದೊಂದೂ ಇಲ್ಲದೆ ನಾಲ್ಕು ಜನ ತಮ್ಮ ಪಾಡಿಗೆ ನಗುತ್ತಾ ಬರುತ್ತಿದ್ದಾರೆ ಅಂದರೆ ಅವರು ಮನೆಗೆ ಹೋಗುತ್ತಿದ್ದಾರೆ, ಅಷ್ಟೇ. ಬಣ್ಣದ ಮೇಲೆ ಕಣ್ಣಿಟ್ಟವರಿಗೆ ಇನ್ನೂ ಒಂದು ತೊಂದರೆ ಇದೆ. ಎಡಗಡೆ ಆ ಹುಡುಗರನ್ನು ಗಮನಿಸುತ್ತಾ ಇರುವಾಗ ಬಲಗಡೆ ಬರುವ ಬೈಕು ಕಾಣುವುದಿಲ್ಲ.

ರಸ್ತೆ ದಾಟಬೇಕು ಅನ್ನಿಸಿದರೆ ದಾಟಿ. ಆದರೆ ಖಾಲಿ ರಸ್ತೆಯಲ್ಲಿ ಯಾವ ಗಂಡಸರ ಗುಂಪು ಬಂದರೂ ದಾಟುತ್ತೇನೆ ಅನ್ನುವ ನಿಯಮ ಇಟ್ಟುಕೊಳ್ಳಿ, ದೂರದಲ್ಲಿರುವಾಗಲೇ ದಾಟಿ. ಹತ್ತು ಹೆಜ್ಜೆ ಇರುವಾಗ ಬೆಚ್ಚಿಬಿದ್ದು ಬ್ಯಾಗು ಎದೆಗೆ ಅವಚಿಕೊಂಡು ಓಡಿದರೆ ಅದು ಅವರಿಗೆ ಕೆನ್ನೆಗೆ ಹೊಡೆದ ಹಾಗೆ. ದಿನಾ ಅದನ್ನೇ ನೋಡುವವರು ಅವರು.

ಇನ್ನೊಂದು ಸಣ್ಣ ಕೆಲಸ, ಹಗಲು ಹೊತ್ತು ಮಾಡುವಂಥದ್ದು. ಅವರೂ ನಿಮ್ಮದೇ ಅಂಗಡಿಯಲ್ಲಿ ಅಕ್ಕಿ, ಮೊಟ್ಟೆ, ರೀಚಾರ್ಜ್ ತೆಗೆದುಕೊಳ್ಳುತ್ತಾರೆ ಅಲ್ವಾ? ಅಲ್ಲಿ ಸಿಕ್ಕಾಗ ಒಂದು ಗುಡ್ ಈವನಿಂಗ್ ಹೇಳಿ. ಯಾವ ದೇಶ, ಏನು ಓದುತ್ತಿದ್ದೀಯ ಅಂತ ಒಂದು ಮಾತು ಕೇಳಿ. ಮನೆಗೆ ಕರೆದು ಊಟ ಹಾಕಿ ಅಂತ ಹೇಳುತ್ತಿಲ್ಲ, ಸ್ನೇಹ ಬಲವಂತದಿಂದ ಆಗುವಂಥದ್ದಲ್ಲ. ಸುಮ್ನೆ ಪರಸ್ಪರ ಮುಖ ನೋಡಿಕೊಂಡು ಓಡಾಡಿದರೆ ಭಯ ಹೋಗುವುದಿಲ್ಲ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು. ಇಬ್ಬರೂ ಸರಿಸಮಾನರಾಗಿ ನಿಂತು, ಇಬ್ಬರಿಗೂ ಬೇಕಾದ ಒಂದು ಕೆಲಸ ಒಟ್ಟಿಗೆ ಮಾಡಿದರೆ, ಮೇಲಿನವರ ಬೆಂಬಲವೂ ಇದ್ದರೆ, ಆಗ ಕಡಿಮೆಯಾಗುತ್ತದೆ ಅನ್ನುವುದು ಅವರ ವಾದ. ನಿಮ್ಮ ಲೇಔಟಿನಲ್ಲಿ ಅಂಥ ಕೆಲಸ ಯಾವುದಿದೆ? ನೀರಿನ ಟ್ಯಾಂಕರ್, ಕಸ, ಬೀದಿ ದೀಪ. ಅವರೂ ಅದೇ ಟ್ಯಾಂಕರಿಗೆ ಕಾಯುವವರು.

ಮಗಳ ಹತ್ತಿರ ವಾದಕ್ಕೆ ಇಳಿಯಬೇಡಿ. ಅವಳು ಅರ್ಧ ಸರಿ. ‘ನನಗೆ ಭಯ ಆಯಿತು, ಅವರು ಏನೂ ಮಾಡಿರಲಿಲ್ಲ, ಎರಡೂ ನಿಜ’ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಅವಳು ಟ್ಯೂಷನ್ನಿಗೆ, ಸ್ಕೂಲಿಗೆ ಓಡಾಡುವ ಹುಡುಗಿ, ಅವಳಿಗೂ ಹುಷಾರು ಕಲಿಸಬೇಕು ತಾನೇ? ಕಪ್ಪಗಿರುವವರನ್ನು ಕಂಡರೆ ದೂರ ಇರು ಅಂತ ಕಲಿಸಿದರೆ, ಕಪ್ಪಗಿಲ್ಲದವನು, ನಮ್ಮ ಭಾಷೆ ಮಾತಾಡುವವನು, ‘ಬಾ ಪುಟ್ಟಾ, ಅಪ್ಪ ಕಳಿಸಿದರು, ಗಾಡಿ ಹತ್ತು’ ಅನ್ನುವವನು ಸುರಕ್ಷಿತ ಅಂತಲೂ ಕಲಿಸಿದ ಹಾಗೆ ಆಯಿತು. ಮೇಲೆ ಹೇಳಿದ ಹತ್ತಕ್ಕೆ ಒಂಬತ್ತರ ಲೆಕ್ಕ ಇಲ್ಲಿಗೆ ಬರುತ್ತದೆ.

ಕೊನೆಗೆ ಆ ಕಾಗದ. ಸಹಿ ಯಾಕೆ ಬೇಡ ಅಂದರೆ, ಅದರಲ್ಲಿ ಯಾರು ಏನು ಮಾಡಿದ್ದಾರೆ ಅಂತ ಇಲ್ಲ, ಅವರು ಯಾರು ಅನ್ನುವುದು ಮಾತ್ರ ಇದೆ. ರಾತ್ರಿ ಜೋರಾಗಿ ಹಾಡು ಹಾಕುತ್ತಾರೆ ಅನ್ನುವುದು ದೂರು. ಹಾಗಿದ್ದರೆ ಮನೆ ನಂಬರು, ತಾರೀಕು, ಹೊತ್ತು ಬರೆದು ದೂರು ಕೊಡಿ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕದ ನಿಯಮ ಎಲ್ಲರಿಗೂ ಒಂದೇ, ಪಕ್ಕದ ಕಲ್ಯಾಣ ಮಂಟಪಕ್ಕೂ ಸೇರಿ.

ಗ್ರೂಪಿನಲ್ಲಿ ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ. ಓನರ್ ಏನು ಮಾಡಿದ್ದಾರೆ? ವಿದೇಶಿಯರಿಗೆ ಮನೆ ಕೊಟ್ಟವರು 24 ಗಂಟೆಯೊಳಗೆ ಅವರ ವಿವರದ ಫಾರಂ (ಮೊದಲು ಸಿ ಫಾರಂ ಅನ್ನುತ್ತಿದ್ದದ್ದು) ತುಂಬಿ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲಿ ಕಳಿಸಬೇಕು. ಪಾಸ್‌ಪೋರ್ಟ್, ವೀಸಾ ನೋಡಬೇಕು. ಕೆಲವು ಓನರುಗಳು ಏನು ಮಾಡುತ್ತಾರೆ ಅಂದರೆ, ಆಫ್ರಿಕಾದವರಿಗೆ ಬೇರೆ ಯಾರೂ ಮನೆ ಕೊಡುವುದಿಲ್ಲ ಅಂತ ಗೊತ್ತಿರುವುದರಿಂದ ಬಾಡಿಗೆ ಜಾಸ್ತಿ ಮಾಡುತ್ತಾರೆ, ಅಗ್ರಿಮೆಂಟು ಬೇಡ ಅನ್ನುತ್ತಾರೆ, ಫಾರಂ ಕಳಿಸುವುದಿಲ್ಲ, ಅಡ್ವಾನ್ಸ್ ಮಾತ್ರ ಎಣಿಸಿಕೊಳ್ಳುತ್ತಾರೆ. ಹೀಗಾದಾಗ ಸರಿಯಾಗಿ ಓದುತ್ತಿರುವ ಹುಡುಗನ ಹತ್ತಿರವೂ ಕಾಗದ ಇರುವುದಿಲ್ಲ, ವೀಸಾ ಮುಗಿದವನಿಗೂ ಅಡಗಿಕೊಳ್ಳಲು ಅನುಕೂಲ. ಎಲ್ಲ ಕಡೆ ಮನೆ ಇಲ್ಲ ಅಂದಷ್ಟೂ ಇಂಥ ಓನರುಗಳಿಗೆ ಲಾಭ. ನಿಮ್ಮ ಅಸೋಸಿಯೇಷನ್ನಿನ ತೀರ್ಮಾನದಿಂದ ಆಗುವುದೂ ಅದೇ.

ಸುಮ್ಮನೆ ‘ನಾನು ಸಹಿ ಹಾಕಲ್ಲ’ ಅಂದರೆ ಜಗಳ ಆಗಬಹುದು. ಬದಲಿಗೆ ಗ್ರೂಪಿನಲ್ಲಿ ಹೀಗೆ ಹಾಕಿ ನೋಡಿ: ‘ಎಲ್ಲರಿಗೂ ನಮಸ್ಕಾರ. ಒಂದು ದೇಶದವರಿಗೆ, ಒಂದು ಬಣ್ಣದವರಿಗೆ ಮನೆ ಇಲ್ಲ ಅನ್ನುವ ತೀರ್ಮಾನಕ್ಕೆ ನನ್ನ ಒಪ್ಪಿಗೆ ಇಲ್ಲ. ಅದರ ಬದಲು, ಬಾಡಿಗೆ ಕೊಟ್ಟಿರುವ ಎಲ್ಲ ಓನರುಗಳೂ ಅಗ್ರಿಮೆಂಟ್ ಮಾಡಿಸಲಿ, ವಿದೇಶಿಯರಿದ್ದರೆ ನೋಂದಣಿ ಕಚೇರಿಗೆ ಫಾರಂ ಕಳಿಸಿದ್ದೇವೆ ಅಂತ ಅಸೋಸಿಯೇಷನ್ನಿಗೆ ತಿಳಿಸಲಿ. ಗಲಾಟೆ, ಪಾರ್ಕಿಂಗ್ ದೂರುಗಳನ್ನು ಮನೆ ನಂಬರ್ ಹಾಕಿ ಕೊಡೋಣ. ಬಸ್ ಸ್ಟಾಪಿನಿಂದ ನಮ್ಮ ಬೀದಿವರೆಗೆ ಕೆಟ್ಟಿರುವ ದೀಪಗಳ ಬಗ್ಗೆ ಈ ವಾರವೇ ಎಲ್ಲರೂ ಸೇರಿ ಪಾಲಿಕೆಗೆ ದೂರು ಕೊಡೋಣ.’ ಕೆಳಗೆ ನಿಮ್ಮ ಹೆಸರು ಹಾಕಿ. ಒಬ್ಬಿಬ್ಬರಾದರೂ ಹೆಬ್ಬೆರಳಿನ ಇಮೋಜಿ ಒತ್ತುತ್ತಾರೆ. ಮನಸ್ಸಿನಲ್ಲಿ ಇದೇ ಇಟ್ಟುಕೊಂಡು ಯಾರಾದರೂ ಮೊದಲು ಹೇಳಲಿ ಅಂತ ಕಾಯುವವರು ಇಂಥ ಗ್ರೂಪುಗಳಲ್ಲಿ ಯಾವಾಗಲೂ ಇರುತ್ತಾರೆ. ಯಾರೂ ಒತ್ತದಿದ್ದರೂ ಸಹಿಯ ಜಾಗ ಖಾಲಿ ಬಿಡಿ. ಕಾರ್ಯದರ್ಶಿಗಳು ಮನೆಗೇ ಬಂದು ಕೇಳಿದರೆ, ಮೊದಲು ದೀಪದ ದೂರಿಗೆ ಅವರ ಸಹಿ ತೆಗೆದುಕೊಳ್ಳಿ.